ಮೊದಲ ಲೋಟ

ಫೆಬ್ರವರಿ 10

ಗುಂಡುವಿನ ಅಪ್ಪನವರಿಗೆ,

ಕಾಗದ ಬರೆಯುವ ಚಟ ನನಗೇನಿಲ್ಲ. ಫೋನಿನಲ್ಲಿ ನಿಮ್ಮ ದನಿ ಕೇಳಿದರೆ ನನ್ನ ದನಿ ಏರುತ್ತದೆ, ನನ್ನದು ಏರಿದರೆ ನಿಮ್ಮದು ಅದಕ್ಕಿಂತ ಮೇಲೆ. ಮೊನ್ನೆ ಪಕ್ಕದಲ್ಲೇ ನಿಂತಿದ್ದ ಗುಂಡು ಎರಡೂ ಕಿವಿ ಮುಚ್ಚಿಕೊಂಡು, "ಏನಿದ್ರೂ ಬರೆದು ಕೊಡಿ, ನಾನು ತಲುಪಿಸ್ತೀನಿ. ಕೂಗಾಟ ಮಾತ್ರ ಬೇಡ" ಅಂದುಬಿಟ್ಟಳು. ಬೇರೆ ಬೇರೆ ಮನೆ ಮಾಡಿದ ಮೇಲೆ ನಾವಿಬ್ಬರೂ ಒಪ್ಪಿಕೊಂಡ ಮೊದಲ ಮಾತು ಇದೇ ಇರಬೇಕು.

ವಿಷಯಕ್ಕೆ ಬರುತ್ತೇನೆ. ಗುಂಡು ಕೆಲಸ ಮಾಡುವ ಶಿಶುವಿಹಾರದ ಮೇಡಂ ನನ್ನ ಬಿಲ್ಲೆಗಳನ್ನು ಒಪ್ಪಿದ್ದಾರೆ. ಪಾತ್ರೆ ತೊಳೆಯುವ ಮಷೀನಿಗೆ ಹಾಕುವ ಬಿಲ್ಲೆ. ಹೌದು, "ಮನೇಲಿ ಕೂತು ಸೋಡಾ ಕಲಸೋದೂ ಒಂದು ಕೆಲಸಾನಾ" ಎಂದು ನಿಮ್ಮ ಅಕ್ಕನ ಮುಂದೆ ಹಲ್ಲು ಕಿರಿದಿರಲ್ಲ, ಅದೇ ಬಿಲ್ಲೆ. ಈ ವಾರದಿಂದ ಅಲ್ಲಿಯ ಮಕ್ಕಳ ತಟ್ಟೆ, ಲೋಟ, ಚಮಚ ಎಲ್ಲವೂ ನನ್ನ ಬಿಲ್ಲೆಯಲ್ಲೇ ತೊಳೆಯುವುದು.

ಇನ್ನೊಂದು ಸಲ ನಗುವ ಮೊದಲು ಹೇಗೆ ಮಾಡುತ್ತೇನೆಂದು ಕೇಳಿ. ವಾಷಿಂಗ್ ಸೋಡಾವನ್ನು ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಹುರಿಯುತ್ತೇನೆ. ಅದರೊಳಗಿನ ಪಸೆ ಪೂರ್ತಿ ಹೋಗಬೇಕು. ಆರಿದ ಮೇಲೆ ಅಡುಗೆ ಸೋಡಾ, ಪುಡಿ ಉಪ್ಪು, ಎಲ್ಲಕ್ಕಿಂತ ಕೊನೆಗೆ ಸಿಟ್ರಿಕ್ ಆಸಿಡ್. ಹುಳಿ ಸೇರಿತೆಂದರೆ ಆಮೇಲೆ ನೀರಿನ ವಿಷಯದಲ್ಲಿ ಮೈಯೆಲ್ಲ ಕಣ್ಣಾಗಿರಬೇಕು. ಒಂದು ಹನಿ ಹೆಚ್ಚಾದರೂ ಬುಸ್ಸೆಂದು ಉಬ್ಬಿ ಮಾಡಿದ್ದೆಲ್ಲ ನೊರೆ. ಸ್ಪ್ರೇ ಬಾಟಲಿಯಿಂದ ಸೋಕಿತೋ ಇಲ್ಲವೋ ಎನ್ನುವಷ್ಟು ನೀರು ಹೊಡೆದು, ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲುವ ಹದಕ್ಕೆ ಬಂದಾಗ ಐಸ್ ಟ್ರೇಗೆ ತುಂಬಿ, ಚಮಚದ ಬೆನ್ನಿನಿಂದ ಒತ್ತಿ, ಕಿಟಕಿಯ ಪಕ್ಕ ಒಣಗಿಸುತ್ತೇನೆ. ಮೋಡ ಕವಿದ ದಿನ ಈ ಕೆಲಸಕ್ಕೆ ಕೈಯೇ ಹಾಕುವುದಿಲ್ಲ. ಮೊದಮೊದಲು ಎಷ್ಟು ಸಲ ಹಾಳು ಮಾಡಿದೆನೋ ದೇವರಿಗೇ ಗೊತ್ತು. ಈಗ ಟ್ರೇ ಬಗ್ಗಿಸಿದರೆ ಟಕ್ಕೆಂದು ಬಿಟ್ಟುಕೊಂಡು ಬರುತ್ತವೆ, ಒಂದರ ಮೂಲೆಯೂ ಮುರಿಯುವುದಿಲ್ಲ. ನನಗೆ ಎಷ್ಟು ಖುಷಿಯಾಗುತ್ತದೆ ಎಂದು ನಿಮಗೆ ಹೇಳಿ ಪ್ರಯೋಜನವಿಲ್ಲ, ಆದರೂ ಹೇಳಿದ್ದೇನೆ.

ಇದನ್ನೆಲ್ಲ ಬರೆದದ್ದು ಹೊಗಳಿಸಿಕೊಳ್ಳಲಿಕ್ಕಲ್ಲ. ಅಲ್ಲಿಯ ಮಷೀನಿನ ರಿಪೇರಿ ನಿಮ್ಮ ಕೈಯಲ್ಲಿದೆ. ನಿಮ್ಮನ್ನು ಅಲ್ಲಿಗೆ ಕರೆಸಿದವಳು ಗುಂಡು, ನನ್ನ ಬಿಲ್ಲೆಗೆ ಮಾತು ಕೊಟ್ಟವಳೂ ಗುಂಡು. ಜೂನ್ ತಿಂಗಳಲ್ಲಿ ಅವಳನ್ನು ಕಾಯಂ ಮಾಡುತ್ತೇನೆ ಎಂದು ಮೇಡಂ ಹೇಳಿದ್ದಾರೆ. ಆ ಕೂಸುಗಳೆಂದರೆ ಅವಳಿಗೆ ಪ್ರಾಣ, ನಿಮಗೇ ಗೊತ್ತು. ನೀವು ಅಲ್ಲಿ ಹೋಗಿ ಮೂಗು ಮುರಿದು ಒಂದು ಮಾತು ಆಡಿದರೆ ನನ್ನ ಬಿಲ್ಲೆ ಮಾತ್ರ ಹೋಗುವುದಲ್ಲ, ಅವಳ ಕೆಲಸವೂ ಹೋಗುತ್ತದೆ. ಅಷ್ಟು ಜ್ಞಾಪಕವಿರಲಿ.

ಇಂತಿ,
ಸೋಡಾ ಕಲಸುವವಳು


ಫೆಬ್ರವರಿ 15

ಗುಂಡುವಿನ ಅಮ್ಮನಿಗೆ,

ವಿಷಯ: ಬಿಲ್ಲೆ.

ನಾನು ನಕ್ಕದ್ದು ನಿಜ. ಅಕ್ಕ ಮೊದಲು ನಕ್ಕಳು, ಅದನ್ನು ನೀನು ಬರೆದಿಲ್ಲ. ಇರಲಿ.

ನೀನು ಕೋಪ ಮಾಡಿಕೊಳ್ಳುತ್ತೀ ಎಂದು ಗೊತ್ತಿದ್ದೇ ಹೇಳುತ್ತೇನೆ. ಸೋಡಾಕ್ಕೂ ಹುಳಿಗೂ ಆಗಿಬರುವುದಿಲ್ಲ. ನೀರು ಸೋಕಿದ ಕೂಡಲೇ ಎರಡೂ ಒಂದರ ಶಕ್ತಿಯನ್ನು ಒಂದು ತಿಂದು ಹಾಕುತ್ತವೆ. ಅಂಗಡಿಯ ಬಿಲ್ಲೆಯಲ್ಲಿ ಜಿಡ್ಡು ಬಿಡಿಸಲಿಕ್ಕೆ ಬೇರೆ ಬೇರೆ ಸಾಮಾನು ಇರುತ್ತದೆ, ಅದು ನಿನ್ನ ಐಸ್ ಟ್ರೇಯಲ್ಲಿ ಹುಟ್ಟುವುದಿಲ್ಲ. ಮನೆಯಲ್ಲಿ ಮಾಡಿದ ಬಿಲ್ಲೆ ಹಾಕುವ ಮಷೀನುಗಳನ್ನು ನಾನು ಬಿಚ್ಚಿ ನೋಡಿದ್ದೇನೆ. ಬಾಗಿಲ ಒಳಮೈಗೆ ಸುಣ್ಣ ಬಳಿದ ಹಾಗೆ ಬಿಳಿ ಪದರ ಕೂತಿರುತ್ತದೆ. ಉಗುರಿನಿಂದ ಕೆರೆಯಬೇಕು.

ದೊಡ್ಡವರ ಲೋಟವಾಗಿದ್ದರೆ ಹಾಳಾಗಲಿ ಎನ್ನುತ್ತಿದ್ದೆ. ಇವು ಇನ್ನೂ ಸರಿಯಾಗಿ ಹಲ್ಲು ಬಾರದ ಕೂಸುಗಳ ಲೋಟ. ಕೂಸುಗಳು ಹಾಲು ಕುಡಿದು ಸುಮ್ಮನಿರುವುದಿಲ್ಲ, ಲೋಟದ ಅಂಚನ್ನು ಚೀಪುತ್ತಾ ಕೂರುತ್ತವೆ. ನಿನಗೆ ಇದು ಹೊಳೆಯಲಿಲ್ಲವೇ?

ನಾನಾಗಿ ಮೇಡಂಗೆ ಏನೂ ಹೇಳುವುದಿಲ್ಲ. ಕೇಳಿದರೆ ಸುಳ್ಳು ಹೇಳುವವನೂ ಅಲ್ಲ. ಮಷೀನಿನ ಚಿಂತೆ ನಿನಗೆ ಬೇಡ. ನೀರು ಒಳಗೆ ಬಿಡುವ ವಾಲ್ವ್ ಸ್ವಲ್ಪ ಹಠ ಮಾಡುತ್ತಿತ್ತು, ನಿನ್ನೆ ಹೋಗಿ ಸರಿಮಾಡಿ ಬಂದೆ. ಗುಂಡು ಟಾರ್ಚ್ ಹಿಡಿದು ನಿಂತಿದ್ದಳು.

ಇಷ್ಟೇ,
ಗುಂಡುವಿನ ಅಪ್ಪ


ಮಾರ್ಚ್ 4

ಗುಂಡುವಿನ ಅಪ್ಪನವರಿಗೆ,

ಸೋಡಾಕ್ಕೂ ಹುಳಿಗೂ ಆಗಿಬರುವುದಿಲ್ಲವಂತೆ! ಯಾರ ಕಥೆ ಹೇಳುತ್ತಿದ್ದೀರಿ ಎಂದು ನಾಲ್ಕು ಸಲ ಓದಿದೆ. ಮದುವೆಗೆ ಮುಂಚೆ ಈ ಜ್ಞಾನ ಇದ್ದಿದ್ದರೆ ಇಬ್ಬರಿಗೂ ಒಳ್ಳೆಯದಿತ್ತು.

ಈಗ ನಾನು ಕೇಳುವ ಸರದಿ. ಹೋದ ವಾರ ಮೇಡಂ ನನ್ನನ್ನು ಕರೆಸಿ ಒಂದು ತಟ್ಟೆ ಕೈಗೆ ಕೊಟ್ಟರು. ಬೆರಳಿಟ್ಟರೆ ಜಾರುತ್ತದೆ, ಅಷ್ಟು ಜಿಡ್ಡು. "ನಿಮ್ಮ ಬಿಲ್ಲೆ ಸಾಲ್ತಾ ಇಲ್ಲಮ್ಮ, ಹೀಗೇ ಆದ್ರೆ ನಾನು ಅಂಗಡಿದೇ ತರಿಸಬೇಕಾಗತ್ತೆ" ಎಂದರು. ಗುಂಡು ಪಕ್ಕದಲ್ಲೇ ತಲೆ ತಗ್ಗಿಸಿ ನಿಂತಿದ್ದಳು. ನನ್ನ ಮಗಳನ್ನು ಯಾರ ಮುಂದೆಯೂ ಹಾಗೆ ನಿಲ್ಲಿಸಬಾರದು ಅಂದುಕೊಂಡವಳು ನಾನು. ನನ್ನಿಂದಲೇ ಹಾಗಾಯಿತು.

ಮೊದಲ ಎರಡು ದಿನ ತಟ್ಟೆಗಳು ಚೆನ್ನಾಗಿಯೇ ಇದ್ದವಂತೆ. ನೀವು "ಸರಿಮಾಡಿ" ಹೋದ ಮೇಲೆ ಈ ಅವಸ್ಥೆ. ನಾನು ಮೆಕ್ಯಾನಿಕ್ ಅಲ್ಲ, ಆದರೆ ದಡ್ಡಿಯೂ ಅಲ್ಲ. ಏನು ಸರಿಮಾಡಿದಿರಿ ಎಂದು ಗುಂಡುವನ್ನು ಕೇಳಿದರೆ, "ನಂಗೇನು ಗೊತ್ತಮ್ಮ, ನಾನು ಬರೀ ಟಾರ್ಚ್ ಹಿಡಿದಿದ್ದೆ" ಎಂದು ಎದ್ದು ಹೋದಳು. ಅವಳು ನಿಮ್ಮ ಮಗಳು, ನಿಮ್ಮನ್ನು ಬಿಟ್ಟುಕೊಡುತ್ತಾಳೆಯೇ!

ಹೋಗಲಿ, ನಿಮ್ಮ ಉತ್ತರಕ್ಕೆ ಕಾಯುತ್ತಾ ಕೂತಿಲ್ಲ. ಬಿಲ್ಲೆಗೆ ಒಂದು ಹೊಸ ಸಾಮಾನು ಸೇರಿಸಿದ್ದೇನೆ. ಏನೆಂದು ನಿಮಗೆ ಹೇಳುವುದಿಲ್ಲ. ಈ ವಾರ ತಟ್ಟೆಗಳು ಕನ್ನಡಿ ಆಗಿವೆ. ಮೇಡಂ ತಾವಾಗಿಯೇ ಗುಂಡುವಿನ ಬೆನ್ನು ತಟ್ಟಿದರಂತೆ. ನಿಮ್ಮ ಅಕ್ಕನಿಗೂ ತಿಳಿಸಿ.

ಇಂತಿ,
ಐಸ್ ಟ್ರೇಯವಳು


ಮಾರ್ಚ್ 12

ಗುಂಡುವಿನ ಅಮ್ಮನಿಗೆ,

ವಿಷಯ: ಹೊಸ ಸಾಮಾನು.

ಏನು ಸೇರಿಸಿದ್ದೀ? ತಮಾಷೆ ಬಿಟ್ಟು ಹೇಳು. ಬರೀ ಸೋಡಾದಿಂದ ಒಂದೇ ವಾರದಲ್ಲಿ ತಟ್ಟೆ ಕನ್ನಡಿಯಾಗುವುದಿಲ್ಲ. ಇಪ್ಪತ್ತು ವರ್ಷದಿಂದ ಇದೇ ಕೆಲಸ ನನ್ನದು.

ನನ್ನ ಮಷೀನು ಸರಿಯಾಗಿದೆ. ನೀರು ಬರುತ್ತಿದೆ, ಬಿಸಿಯಾಗುತ್ತಿದೆ, ತಿರುಗುತ್ತಿದೆ. ವಾಲ್ವಿನ ಮೇಲೆ ತಪ್ಪು ಹೊರಿಸಿ ನಿನ್ನ ಬಿಲ್ಲೆಯನ್ನು ಉಳಿಸಿಕೊಳ್ಳಬೇಡ.

ನಿನ್ನೆ ಮೇಡಂ ಫೋನ್ ಮಾಡಿದ್ದರು. "ನಿಮ್ಮ ಹುಡುಗಿ ಒಳ್ಳೇವಳೇ, ಆದ್ರೆ ಯಾಕೋ ದಿನಾ ಮಷೀನ್ ನಿಂತ ಮೇಲೂ ಸಿಂಕ್ ಹತ್ರಾನೇ ಇರ್ತಾಳೆ, ನಲ್ಲಿ ಬಿಟ್ಟೇ ಇರತ್ತೆ" ಎಂದರು. ಮಷೀನಿರುವಾಗ ಕೈಯಲ್ಲಿ ತೊಳೆಯುವ ಕೆಲಸ ಅವಳಿಗೇಕೆ? ನಿನ್ನ ಬಿಲ್ಲೆಯ ಬಿಳಿ ಪದರ ಉಜ್ಜುತ್ತಿರಬೇಕು. ಕೇಳಿದೆ, ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ಮೊದಲಾದರೆ ಕಾರ್ಖಾನೆಯ ಸೈರನ್ನಿನ ಹಾಗೆ ಮಾತಾಡುತ್ತಿದ್ದವಳು. ಭಾನುವಾರ ಇಲ್ಲಿಗೆ ಬಂದಾಗಲೂ ಎರಡು ತುತ್ತಿಗೆ ತಟ್ಟೆ ಸರಿಸಿಬಿಟ್ಟಳು. ನಮ್ಮ ಗುಂಡಮ್ಮ ಗುಂಡಮ್ಮನ ಹಾಗೆ ಕಾಣುತ್ತಿಲ್ಲ. ಅವಳ ಮುಂದೆ ನನ್ನನ್ನು ಏನೇನು ಬೈದಿದ್ದೀ?

ಗುಂಡುವಿನ ಅಪ್ಪ


ಏಪ್ರಿಲ್ 2

ಗುಂಡುವಿನ ಅಪ್ಪನವರಿಗೆ,

ನಿಮ್ಮನ್ನು ಬೈಯಲು ನನಗೆ ಮಗಳೇ ಬೇಕಾ? ಗೋಡೆ ಸಾಕು.

ಅವಳು ಇಲ್ಲಿಯೂ ಊಟ ಮಾಡುತ್ತಿಲ್ಲ. ತಣ್ಣನೆಯ ಹಾಲು, ಅದರಲ್ಲಿ ನೆನೆಸಿದ ಬ್ರೆಡ್, ಅಷ್ಟೇ. ಬಿಸಿಯಾದದ್ದು, ಖಾರದ್ದು ತಂದಿಟ್ಟರೆ ವಾಸನೆ ನೋಡಿ ಎದ್ದು ಹೋಗುತ್ತಾಳೆ. "ಯಾಕೆ ಗುಂಡೂ, ನನ್ನ ಅಡುಗೆ ಬೇಡವಾಯ್ತಾ?" ಎಂದರೆ ತಲೆ ಅಲ್ಲಾಡಿಸುತ್ತಾಳೆ. ಹಲ್ಲು ನೋವು ಎಂದು ಒಂದು ದಿನ, ತಲೆನೋವು ಎಂದು ಇನ್ನೊಂದು ದಿನ. ನಿಮ್ಮ ಮನೆಯಿಂದ ಬಂದ ಸೋಮವಾರಗಳಲ್ಲಿ ಇದು ಇನ್ನೂ ಜಾಸ್ತಿ. ಅಲ್ಲಿ ಅವಳ ತಲೆಗೆ ಏನು ತುಂಬಿ ಕಳಿಸುತ್ತೀರಿ? ಅಮ್ಮ ಮಕ್ಕಳಿಗೆ ವಿಷ ಹಾಕುತ್ತಿದ್ದಾಳೆ ಎಂದಾ?

ಮೂರು ಸಲ ಬರೆದು ಕೇಳಿದ್ದೀರಿ, ಏನು ಸೇರಿಸಿದ್ದೀ, ಏನು ಸೇರಿಸಿದ್ದೀ ಎಂದು. ಮಧ್ಯದ ಎರಡು ಚೀಟಿಗಳಿಗೆ ನಾನು ಉತ್ತರ ಕೊಡದಿದ್ದದ್ದು ಬೇಕೆಂದೇ. ನನ್ನ ಡಬ್ಬಿಯ ಮುಚ್ಚಳ ತೆಗೆದು ನೋಡುವ ಹಕ್ಕು ನಿಮಗೀಗ ಇಲ್ಲ. ಇದ್ದಾಗ ಅದೇ ಮಾಡಿದಿರಿ. ನಾನು ಹೊಲಿದರೆ ಹೊಲಿಗೆ ಬಿಚ್ಚಿ ನೋಡಿದಿರಿ, ಗಿಡ ನೆಟ್ಟರೆ ಬೇರು ಕಿತ್ತು ನೋಡಿದಿರಿ, ನಿಮಗೆ ಎಲ್ಲವೂ ಕೆಟ್ಟುಹೋದ ಮಷೀನೇ. ಈ ಒಂದು ಬಿಲ್ಲೆ ನಾನು ಯಾರನ್ನೂ ಕೇಳದೆ ಕಲಿತದ್ದು. ಇದರ ಮೇಲೂ ನಿಮ್ಮ ಕೈ ಬೀಳಬೇಕೇ?

ಹೊಸ ವಾಲ್ವ್ ಹಾಕಿದಿರೋ, ಹಳೆಯದನ್ನೇ ಒರೆಸಿ ಹಾಕಿದಿರೋ, ಅದನ್ನು ನೀವು ಮೊದಲು ಹೇಳಿ. ನಾನೂ ಹೇಳುತ್ತೇನೆ.

ಇಂತಿ,
ಅವಳಮ್ಮ


ಏಪ್ರಿಲ್ 9

ಗುಂಡುವಿನ ಅಮ್ಮನಿಗೆ,

ಗುಂಡು ನಿನ್ನೆ ಸಂಜೆ ಚೀಲ ಹಿಡಿದುಕೊಂಡು ಇಲ್ಲಿಗೆ ಬಂದಿದ್ದಾಳೆ. ನೀನು ಏನಂದೆಯೋ ನನಗೆ ಗೊತ್ತಿಲ್ಲ. ಮುಖಕ್ಕೆ ದುಪಟ್ಟಾ ಸುತ್ತಿಕೊಂಡು ಗೋಡೆ ಕಡೆ ತಿರುಗಿ ಮಲಗಿದ್ದಾಳೆ. ಏನು ಕೇಳಿದರೂ ಕೈಸನ್ನೆ. ಇಷ್ಟು ಕೋಪ ಅವಳಿಗೆ ಇದುವರೆಗೆ ಬಂದದ್ದಿಲ್ಲ. ನಿನ್ನ ಹಠಕ್ಕೆ ಆ ಹುಡುಗಿ ಬಲಿಯಾಗುತ್ತಿದ್ದಾಳೆ, ನೋಡಿಕೊಂಡು ಕೂರುವವನಲ್ಲ ನಾನು.

ಸೋಮವಾರ ಬೆಳಿಗ್ಗೆ ಶಿಶುವಿಹಾರಕ್ಕೆ ಹೋಗುತ್ತೇನೆ. ಮೇಡಂ ಎದುರಿಗೇ ಮಷೀನು ಬಿಚ್ಚಿ, ನಿನ್ನ ಬಿಲ್ಲೆ ಒಳಗೆ ಏನು ಮಾಡಿದೆ ಎಂದು ತೋರಿಸುತ್ತೇನೆ. ಅದಕ್ಕೆ ಮೊದಲು ನೀನೇ ಹೋಗಿ ಬಿಲ್ಲೆ ವಾಪಸ್ ತೆಗೆದುಕೊಂಡರೆ ಮಾತು ಅಲ್ಲಿಗೇ ಮುಗಿಯುತ್ತದೆ. ಅವಳ ಕೆಲಸವೂ ಉಳಿಯುತ್ತದೆ.

ಯೋಚನೆ ಮಾಡು.

ಗುಂಡುವಿನ ಅಪ್ಪ


ಏಪ್ರಿಲ್ 10

ಬಿಚ್ಚಿ. ನಾನೂ ಬರುತ್ತೇನೆ. ಮಷೀನು ಬಿಚ್ಚಿದಾಗ ನಿಮ್ಮ ವಾಲ್ವ್ ಕೂಡ ಹೊರಗೆ ಬರಬೇಕು, ಅದನ್ನೂ ಮೇಡಂ ನೋಡಲಿ. ಯಾರ ಮರ್ಯಾದೆ ಎಷ್ಟು ಉಳಿಯುತ್ತದೋ ಅಲ್ಲೇ ತೀರ್ಮಾನವಾಗಲಿ.

ಅವಳಿಗೆ ಹೇಳಿ, ಚೀಲ ತೆಗೆದುಕೊಂಡು ಹೋದದ್ದಕ್ಕೆ ನನಗೆ ಕೋಪವಿಲ್ಲ ಎಂದು. ಸುಳ್ಳು. ಕೋಪವಿದೆ. ಅವಳ ಹಾಸಿಗೆ ನಾನು ಇನ್ನೂ ಮಡಿಸಿಲ್ಲ.


ಏಪ್ರಿಲ್ 12, ಭಾನುವಾರ

ಅಮ್ಮ, ಅಪ್ಪ,

ಇದನ್ನು ಎರಡು ಪ್ರತಿ ಬರೆದಿದ್ದೇನೆ. ಇಬ್ಬರಿಗೂ ಒಂದೊಂದು. ಒಂದಕ್ಷರವೂ ಹೆಚ್ಚುಕಮ್ಮಿ ಇಲ್ಲ, ಬೇಕಿದ್ದರೆ ಪಕ್ಕಪಕ್ಕ ಇಟ್ಟು ನೋಡಿ. ಒಬ್ಬರ ಹೆಸರನ್ನು ಮೊದಲು ಬರೆಯಲೇಬೇಕಿತ್ತು. ಅದಕ್ಕೂ ಯಾರಾದರೂ ಬೇಜಾರು ಮಾಡಿಕೊಂಡರೆ ನಾನೇನು ಮಾಡಲಿ?

ನಾನು ಅಪ್ಪನ ಮನೆಯಲ್ಲಿಯೂ ಇಲ್ಲ ಈಗ. ಶಿಶುವಿಹಾರದಲ್ಲಿ ನನ್ನ ಜೊತೆ ಕೆಲಸ ಮಾಡುವ ಅಕ್ಕನ ಮನೆಗೆ ಬಂದಿದ್ದೇನೆ. ಅವರೇ ನಿನ್ನೆ ನನ್ನನ್ನು ಡಾಕ್ಟರ ಹತ್ತಿರ ಎಳೆದುಕೊಂಡು ಹೋದರು. ಬಾಯಿ ತುಂಬ ಹುಣ್ಣು. ನಾಲಿಗೆ, ಕೆನ್ನೆಯ ಒಳಗಡೆ, ಗಂಟಲಿನವರೆಗೂ. ನಾನು ಕೋಪ ಮಾಡಿಕೊಂಡಿರಲಿಲ್ಲ, ಅಪ್ಪ. ನನಗೆ ಮಾತಾಡಲು ಆಗುತ್ತಿರಲಿಲ್ಲ.

ನಿಮ್ಮ ಕಾಗದಗಳನ್ನೆಲ್ಲ ಓದಿದ್ದೇನೆ. ಇಬ್ಬರೂ ಕವರಿಗೆ ಗೋಂದು ಹಚ್ಚುವುದಿಲ್ಲ. ಕೊಡುವ ಮುಂಚೆ ಓದುತ್ತಿದ್ದೆ, ಒಳಗೆ ತುಂಬ ಕೆಟ್ಟ ಮಾತಿದ್ದರೆ ಒಂದು ದಿನ ತಡಮಾಡಿ ಕೊಡುತ್ತಿದ್ದೆ. ಕೊನೆಯ ಎರಡನ್ನು ಈ ಅಕ್ಕನ ಕೈಯಲ್ಲಿ ತಲುಪಿಸಿದೆ, ಅವನ್ನೂ ಓದಿಯೇ. ಆದ್ದರಿಂದ ನಾಳೆ ಸೋಮವಾರ ಏನಾಗಲಿದೆ ಎಂದು ನನಗೆ ಗೊತ್ತು. ಅದಕ್ಕೇ ಬರೆಯುತ್ತಿದ್ದೇನೆ.

ಅಪ್ಪ ಹಾಕಿದ್ದು ಹೊಸ ವಾಲ್ವ್ ಅಲ್ಲ. ಯಾರದೋ ಗುಜರಿ ಮಷೀನಿನಿಂದ ತೆಗೆದದ್ದು. ಅದು ನೀರನ್ನು ಅರ್ಧಕ್ಕೇ ನಿಲ್ಲಿಸುತ್ತದೆ, ಕೊನೆಯ ಸಲ ಜಾಲಿಸುವಾಗ ಪಾತ್ರೆಗೆ ನೀರೇ ಸಾಲುವುದಿಲ್ಲ. "ಹೊಸದು ಬರೋವರೆಗೆ ಸದ್ಯಕ್ಕೆ ಇರ್ಲಿ ಗುಂಡಮ್ಮ, ನಿಮ್ಮಮ್ಮನಿಗೆ ಮಾತ್ರ ಹೇಳ್ಬೇಡ, ಆಡ್ಕೋತಾಳೆ" ಅಂದಿರಿ. ಹೇಳಲಿಲ್ಲ.

ಅಮ್ಮ ಸೇರಿಸಿದ ಹೊಸ ಸಾಮಾನು, ಮೋರಿ ಕಟ್ಟಿಕೊಂಡರೆ ಸುರಿಯುವ ಹರಳು. ಸಿಂಕಿನ ಕೆಳಗೆ ಪೊಟ್ಟಣ ನೋಡಿದೆ. ನೀನು ಕೈಗೆ ಗವಸು ಹಾಕಿಕೊಂಡು ಕಲಸುತ್ತಿದ್ದೆ. "ಒಂದು ಚಿಟಿಕೆ ಅಷ್ಟೇ ಕಣೇ, ಬಿಸಿನೀರಲ್ಲಿ ಎಲ್ಲಾ ಕೊಚ್ಚಿಕೊಂಡು ಹೋಗತ್ತೆ, ನಿಮ್ಮಪ್ಪನಿಗೆ ಹೇಳ್ಬೇಡ" ಅಂದೆ. ಅದನ್ನೂ ಹೇಳಲಿಲ್ಲ. ನೀರು ಸಾಲದ್ದಕ್ಕೆ ಜಿಡ್ಡು ಉಳಿಯುತ್ತಿತ್ತು, ಜಿಡ್ಡಿಗೆಂದು ನೀನು ಹರಳು ಹಾಕಿದೆ, ಆ ಹರಳು ತೊಳೆದು ಹೋಗಲಿಕ್ಕೂ ನೀರು ಸಾಲುತ್ತಿರಲಿಲ್ಲ. ಇಡೀ ಊರಿನಲ್ಲಿ ಈ ಎರಡೂ ವಿಷಯ ಗೊತ್ತಿದ್ದವಳು ನಾನೊಬ್ಬಳೇ.

ಒಂದನ್ನು ಹೇಳಿದರೆ ಇನ್ನೊಬ್ಬರು ಗೆದ್ದ ಹಾಗೆ. ಎರಡನ್ನೂ ಹೇಳಿದರೆ ಇಬ್ಬರೂ ನನ್ನನ್ನು ಬಿಟ್ಟ ಹಾಗೆ ಎಂದು ಹೆದರಿದೆ. ಮೇಡಂಗೆ ಹೇಳಿದರೆ ಮೂವರೂ ಒಟ್ಟಿಗೆ ಹೊರಗೆ. ಕೂಸುಗಳನ್ನು ಬಿಟ್ಟಿರುವುದು ನನ್ನಿಂದ ಆಗದು. ಅದಕ್ಕೆ ನನಗೆ ತೋಚಿದ್ದು ಇಷ್ಟು. ಮಷೀನು ನಿಂತ ಮೇಲೆ ಪ್ರತಿ ಟ್ರೇಯಿಂದ ಮೊದಲ ಲೋಟ ತೆಗೆದು, ಅದಕ್ಕೆ ನೀರು ತುಂಬಿ, ನಾನು ಕುಡಿಯುತ್ತಿದ್ದೆ. ನಾಲಿಗೆ ಚುರ್ ಎಂದರೆ ಇಡೀ ಟ್ರೇಯನ್ನು ನಲ್ಲಿಯ ಕೆಳಗೆ ಒಂದೊಂದಾಗಿ ತೊಳೆಯುತ್ತಿದ್ದೆ. ತೊಳೆದಾದ ಮೇಲೆ ಇನ್ನೊಂದು ಲೋಟ ಕುಡಿದು ನೋಡುತ್ತಿದ್ದೆ. ಏನೂ ಅನ್ನಿಸದಿದ್ದರೆ ಮಾತ್ರ ಹಾಲು ಹಾಕುತ್ತಿದ್ದೆ. ಒಂದು ಕೂಸಿನ ತುಟಿಗೂ ಅದು ತಾಕಿಲ್ಲ, ಆಣೆ ಮಾಡಿ ಹೇಳುತ್ತೇನೆ.

ಆಮೇಲಾಮೇಲೆ ಹುಣ್ಣಾಗಿ, ಬರೀ ನೀರು ಕುಡಿದರೂ ಚುರ್ ಎನ್ನತೊಡಗಿತು. ಯಾವುದು ತೊಳೆದದ್ದು, ಯಾವುದು ತೊಳೆಯದ್ದು ಗೊತ್ತಾಗುತ್ತಿರಲಿಲ್ಲ. ನನಗೆ ನಿಜವಾಗಿ ಭಯವಾದದ್ದು ಅವತ್ತು. ಅವತ್ತೇ ಚೀಲ ತೆಗೆದುಕೊಂಡು ಅಪ್ಪನ ಮನೆಗೆ ಬಂದದ್ದು. ಬರೆದು ಹೇಳೋಣ ಎಂದು ಬಂದೆ. ಅಪ್ಪ ಬಾಗಿಲು ತೆಗೆದವರೇ, "ನಿಮ್ಮಮ್ಮ ಏನಂದ್ಲು?" ಎಂದು ಕೇಳಿದಿರಿ. ಹೋಗಿ ಮಲಗಿಕೊಂಡೆ.

ನಾನು ಮೆಸೇಜ್ ಮಾಡಿ ಕೇಳಿಕೊಂಡದ್ದಕ್ಕೆ ಗುರುವಾರದಿಂದಲೇ ಇಲ್ಲಿನ ಅಕ್ಕ ಮಷೀನು ಮುಟ್ಟದೆ ಎಲ್ಲವನ್ನೂ ಕೈಯಲ್ಲೇ ತೊಳೆಯುತ್ತಿದ್ದಾರೆ. ಏಕೆಂದು ಕೇಳಲಿಲ್ಲ, ಪುಣ್ಯಾತ್ಗಿತ್ತಿ. ನಾಳೆ ನೀವು ಅಲ್ಲಿಗೆ ಹೋಗಿ. ಆದರೆ ಜಗಳವಾಡಲು ಹೋಗಬೇಡಿ. ಮಕ್ಕಳು ಒಂಬತ್ತಕ್ಕೆಲ್ಲ ಬಂದುಬಿಡುತ್ತವೆ, ಕೂಗಿದರೆ ಅಳುತ್ತವೆ.

ಇನ್ನು ಮೇಲೆ ನಾನು ಕಾಗದ ತಲುಪಿಸುವುದಿಲ್ಲ.

ಗುಂಡು


ಏಪ್ರಿಲ್ 19

ನನ್ನ ಕಂದಾ,

ಇದನ್ನು ಅಕ್ಕನ ಕೈಯಲ್ಲಿ ಕಳಿಸುತ್ತಿದ್ದೇನೆ. ಬಾಗಿಲಿಗೆ ಬಂದರೂ ನೀನು ನನ್ನನ್ನು ನೋಡಲಾರೆ ಎಂದು ಅವರು ಹೇಳಿದರು. ಸರಿ. ನನಗೆ ಎಷ್ಟು ಕಷ್ಟವಾಯಿತೆಂದು ಬರೆದು ಇನ್ನೊಂದು ಭಾರ ನಿನ್ನ ಮೇಲೆ ಹೊರಿಸುವುದಿಲ್ಲ. ಸೋಮವಾರ ಏನಾಯಿತು ಎಂದು ನಿನಗೆ ತಿಳಿಯಬೇಕು, ಅಷ್ಟಕ್ಕೇ ಬರೆಯುತ್ತಿದ್ದೇನೆ.

ನಾನು ಹೋಗುವಷ್ಟರಲ್ಲಿ ನಿಮ್ಮಪ್ಪ ಗೇಟಿನ ಹೊರಗೆ ನಿಂತಿದ್ದರು. ಕೈಯಲ್ಲಿ ನಿನ್ನ ಕಾಗದ. ನನ್ನ ಕೈಯಲ್ಲೂ ಅದೇ. ಒಬ್ಬರ ಮುಖ ಒಬ್ಬರು ನೋಡಲಾಗಲಿಲ್ಲ. ಗಡ್ಡ ಕೂಡ ಮಾಡಿಕೊಂಡಿರಲಿಲ್ಲ ಆ ಮನುಷ್ಯ. ಒಳಗೆ ಹೋಗಿ ಮೇಡಂಗೆ, "ಮಕ್ಕಳು ಬರೋ ಮೊದಲು ಒಂದೇ ಒಂದು ಸಲ ಮಷೀನು ಓಡಿಸಬೇಕು, ಆಮೇಲೆ ಎಲ್ಲಾ ಹೇಳ್ತೀವಿ" ಎಂದರು. ನನ್ನ ಬಿಲ್ಲೆಯನ್ನೇ ಹಾಕಿದೆವು. ಅವರ ವಾಲ್ವೇ ಇತ್ತು. ಅದು ಓಡುವಷ್ಟು ಹೊತ್ತೂ ಇಬ್ಬರೂ ಆ ಪುಟ್ಟ ಕುರ್ಚಿಗಳ ಮೇಲೆ ಮೊಣಕಾಲು ಮಡಚಿ ಕೂತಿದ್ದೆವು.

ನಿಂತ ಮೇಲೆ ಬಾಗಿಲು ತೆಗೆದು ಮೊದಲ ಲೋಟಕ್ಕೆ ನೀರು ತುಂಬಿದೆ. ನಿಮ್ಮಪ್ಪ ಕೈ ಚಾಚಿದರು.

"ಕೊಡು ಇಲ್ಲಿ. ತಪ್ಪು ವಾಲ್ವಿಂದು."

"ಸುಮ್ನಿರಿ, ಹರಳು ಹಾಕಿದವಳು ನಾನು."

"ನೀರು ಸಾಕಷ್ಟು ಬಂದಿದ್ರೆ ನಿನ್ನ ಹರಳು ಏನು ಮಾಡ್ತಿತ್ತು?"

"ನಾನು ಮೋರಿ ಹರಳು ಹಾಕದಿದ್ರೆ ನಿಮ್ಮ ವಾಲ್ವು ಏನು ಮಾಡ್ತಿತ್ತು? ತಟ್ಟೆ ಜಿಡ್ಡಾಗ್ತಿತ್ತು, ಅಷ್ಟೇ ತಾನೇ?"

ನೀನು ಬೇಡವೆಂದಿದ್ದೆ, ಆದರೂ ಜಗಳವಾಡಿದೆವು. ದನಿ ಏರಿಸಲಿಲ್ಲ, ಅಷ್ಟು ಮಾತ್ರ ನಿನ್ನ ಮಾತು ನಡೆಸಿದೆವು. ಲೋಟ ಎಳೆದಾಡಿ ಅರ್ಧ ಅವರ ಅಂಗಿಯ ಮೇಲೆ ಚೆಲ್ಲಿತು. ಉಳಿದದ್ದನ್ನು ನಾನು ಬಾಯಿಗೆ ಹಾಕಿಕೊಂಡೆ. ಅವರು ಎರಡನೇ ಲೋಟ ತುಂಬಿಕೊಂಡು ಕುಡಿದರು.

ಗುಂಡೂ, ನಾನು ಉಗಿದುಬಿಟ್ಟೆ. ನನ್ನ ಕೈಯಾರೆ ಮಾಡಿದ್ದನ್ನು ಒಂದು ಗುಟುಕು ನುಂಗಲು ನನ್ನಿಂದ ಆಗಲಿಲ್ಲ. ಸೋಪಿನ ಹಾಗೆ ಜಾರುವ ರುಚಿ, ಆಮೇಲೆ ನಾಲಿಗೆಯ ತುದಿಯಿಂದ ಹಿಂದಕ್ಕೆ ಉರಿ. ಸಿಂಕಿಗೆ ಬಗ್ಗಿ ಎಷ್ಟು ಸಲ ಬಾಯಿ ಮುಕ್ಕಳಿಸಿದೆನೋ. ಅದನ್ನು ನೀನು ದಿನಾ ಕುಡಿದೆಯಾ? ಕುಡಿದು ಮನೆಗೆ ಬಂದು, ನಾನು ಖಾರದ ಸಾರು ಇಟ್ಟು ನನ್ನ ಅಡುಗೆ ಬೇಡವಾಯ್ತಾ ಎಂದು ಕೇಳಿದರೆ ತಲೆ ಅಲ್ಲಾಡಿಸಿದೆಯಾ? ನನ್ನ ಹೊಟ್ಟೆಯಲ್ಲಿ ಹುಟ್ಟಿದವಳ ಬಾಯಿ ಬೆಂದುಹೋಗುತ್ತಿತ್ತು, ನಾನು ಆ ಹೊತ್ತಿನಲ್ಲಿ ಬಿಲ್ಲೆಯ ಮೂಲೆ ಮುರಿಯಿತೇ ಎಂದು ನೋಡುತ್ತಾ ಕೂತಿದ್ದೆ. ಇದನ್ನು ನಾನು ಎಲ್ಲಿಟ್ಟುಕೊಳ್ಳಲಿ ಎಂದು ಗೊತ್ತಾಗುತ್ತಿಲ್ಲ.

ನಿಮ್ಮಪ್ಪ ನುಂಗಿದರು. ಎರಡನೇ ಗುಟುಕನ್ನೂ ನುಂಗಲು ಹೋದಾಗ ಮೇಡಂ ಲೋಟ ಕಿತ್ತುಕೊಂಡರು. ಆಮೇಲೆ ಆ ಮನುಷ್ಯ ಮಷೀನಿನ ಪಕ್ಕ ನೆಲದ ಮೇಲೆ ಕೂತು ಅತ್ತರು. ನಿಮ್ಮಜ್ಜಿ ಹೋದಾಗಲೂ ಅವರು ಅತ್ತದ್ದನ್ನು ನಾನು ಕಂಡಿರಲಿಲ್ಲ.

ಮೇಡಂಗೆ ಎಲ್ಲ ಹೇಳಿದೆವು. ಒಬ್ಬರು ಬಿಟ್ಟದ್ದನ್ನು ಇನ್ನೊಬ್ಬರು ತುಂಬಿದೆವು. ಅವರು ಕೂಗಾಡಲಿಲ್ಲ, ಕೂಗಾಡಿದ್ದರೆ ವಾಸಿಯಿತ್ತು. ನನ್ನ ಬಿಲ್ಲೆ ಬೇಡ, ನಿಮ್ಮಪ್ಪ ಇನ್ನು ಆ ಗೇಟಿನೊಳಗೆ ಕಾಲಿಡುವುದು ಬೇಡ ಎಂದರು. ಮಕ್ಕಳ ತಂದೆತಾಯಿಗಳಿಗೆಲ್ಲ ತಾವೇ ತಿಳಿಸುತ್ತಾರಂತೆ. ನಿನ್ನ ವಿಷಯ ಕೇಳಿದೆ. "ಅವಳು ನಂಗೆ ಮೊದಲ ದಿನವೇ ಹೇಳಬೇಕಿತ್ತು" ಎಂದರು. ಆಮೇಲೆ ಆ ಲೋಟಗಳನ್ನು ಸಿಂಕಿಗೆ ಹಾಕಿ, "ವಾಸಿ ಮಾಡ್ಕೊಂಡು ಬರ್ಲಿ, ಅವಳ ಹತ್ರಾನೇ ಮಾತಾಡ್ತೀನಿ" ಎಂದರು. ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ ನನಗೆ ತಿಳಿಯಲಿಲ್ಲ. ನಿನಗೆ ಸಮಾಧಾನ ಹೇಳಲಿಕ್ಕೆಂದು ಸುಳ್ಳು ಬರೆಯಲಾರೆ.

ವಾಲ್ವನ್ನು ನಿಮ್ಮಪ್ಪ ಅಲ್ಲೇ ಬಿಚ್ಚಿ, ಬೇರೆ ಮೆಕ್ಯಾನಿಕ್ಕನ ನಂಬರು ಬರೆದುಕೊಟ್ಟು ಬಂದರು. ನಾನು ಡಬ್ಬಿಯ ಬಿಲ್ಲೆಗಳನ್ನೆಲ್ಲ ಮನೆಗೆ ಹೊತ್ತು ತಂದೆ. ಟ್ರೇ, ಬಾಣಲೆ, ಸ್ಪ್ರೇ ಬಾಟಲಿ ಎಲ್ಲವನ್ನೂ ಚೀಲಕ್ಕೆ ತುಂಬಿ ಬಾಗಿಲ ಹೊರಗಿಟ್ಟಿದ್ದೇನೆ. ಕೆಳಮನೆಯವರು ತಮಗೆ ಎರಡು ಬಿಲ್ಲೆ ಕೊಡಿ ಎಂದು ಬಂದರು. ಇನ್ನು ಮಾಡುವುದಿಲ್ಲ ಎಂದು ಹೇಳಿ ಬಾಗಿಲು ಹಾಕಿಕೊಂಡೆ.

ನಿಮ್ಮಪ್ಪ ಈಗ ನನ್ನ ಎದುರಿಗೇ ಕೂತಿದ್ದಾರೆ. ನಾವು ಒಂದಾಗಿಬಿಟ್ಟೆವು ಎಂದು ತಿಳಿಯಬೇಡ, ಅಂಥದ್ದೇನಿಲ್ಲ. ಕಾಗದವನ್ನು ಜೊತೆಯಲ್ಲಿ ಬರೆಯೋಣ ಎಂದು ಬಂದರು. ಪೆನ್ನು ಕೈಗೆ ಕೊಟ್ಟರೆ ಏನೂ ಬರೆಯಲಾಗದೆ ವಾಪಸ್ ಕೊಟ್ಟರು. "ನಾನು ಬಾಗಿಲು ತೆಗೆದು ಅವಳನ್ನ ಹೇಗಿದೀಯ ಅಂತ ಕೇಳ್ಬೇಕಿತ್ತು, ಅದನ್ನ ಬರಿ" ಎನ್ನುತ್ತಿದ್ದಾರೆ. ಬರೆದಿದ್ದೇನೆ.

ಅಮ್ಮನಿಗೆ ಹೇಳಬೇಡ, ಅಪ್ಪನಿಗೆ ಹೇಳಬೇಡ ಎಂಬ ಮಾತು ಇನ್ನು ನಮ್ಮಿಬ್ಬರ ಬಾಯಿಂದಲೂ ನೀನು ಕೇಳುವುದಿಲ್ಲ. ಇದಕ್ಕೆ ಉತ್ತರ ಬರೆಯಬೇಡ. ಔಷಧಿ ಹಚ್ಚಿಕೋ, ತಣ್ಣಗಿನ ಹಾಲು ಕುಡಿ, ಮಲಗು. ಮಾತಾಡಲು ಆಗುವ ದಿನ ಅಕ್ಕನ ಹತ್ತಿರ ಹೇಳಿ ಕಳಿಸು. ಇಬ್ಬರೂ ಬರುತ್ತೇವೆ, ಒಟ್ಟಿಗೇ ಬರುತ್ತೇವೆ, ನೀನು ತೋರಿಸಿದ ಕಡೆ ಕೂರುತ್ತೇವೆ. ನಮ್ಮ ಎದುರು ನಿಂತು ಬಾಯಿಗೆ ಬಂದ ಹಾಗೆ ಬೈಯಿ. ಇಬ್ಬರಿಗೂ ಸಮನಾಗಿ ಹಂಚಬೇಕೆಂದು ಅಳೆಯುತ್ತಾ ಕೂರಬೇಡ, ಕಂದಾ. ಯಾರಿಗೆ ಎಷ್ಟು ಬೇಕೋ ಅಷ್ಟು ಬೈಯಿ.

ಅಮ್ಮ, ಅಪ್ಪ